ವಾಲಿಬಾಲ್ ಆಡುವ ಹುಡುಗಿ ಇಂಡಿಯಾ ಟೀಮಿಗೆ ಹೋಗಬೇಕಂದ್ರೆ ಏನು ಮಾಡಬೇಕು?

ಗದಗ, ಹಾವೇರಿ ಕಡೆ ಶಾಲೆಯ ಟೀಮಿಗೆ ಒಬ್ಬ ಎತ್ತರದ ಹುಡುಗಿ ಸಿಕ್ಕರೆ ಸಾಕು, ಮೊದಲ ದಿನದಿಂದಲೇ ನೆಟ್ ಹತ್ತಿರ ನಿಲ್ಲಿಸಿ ಬರೀ ಸ್ಮ್ಯಾಶ್ ಹೊಡೆಸುತ್ತೇವೆ. ಗಿಡ್ಡ ಇದ್ದವಳು ಹಿಂದೆ ನಿಂತು ಸರ್ವಿಸ್ ಎತ್ತುತ್ತಾಳೆ. ತಾಲ್ಲೂಕು ಮ್ಯಾಚ್ ಗೆಲ್ಲೋಕೆ ಇಷ್ಟು ಸಾಕು. ದೇಶದ ಪರ ಆಡಬೇಕು ಅಂದ್ರೆ ಸಾಲದು. ಇಬ್ಬರಿಗೂ ಎಲ್ಲಾ ಕಲಿಸಿ, ಅದರಲ್ಲೂ ಪಾಸ್, ಅಂದ್ರೆ ಬಂದ ಬಾಲನ್ನು ನಮ್ಮವರಿಗೆ ಸರಿಯಾಗಿ ಎತ್ತಿಕೊಡೋದು, ಮೊದಲು.

ದಕ್ಷಿಣ ಕೊರಿಯಾದ ಕಿಮ್ ಯೋನ್-ಕ್ಯೂಂಗ್ ಅವರನ್ನೇ ನೋಡಿ. ಎತ್ತರ 192 ಸೆಂ.ಮೀ. ಆದರೆ ಶಾಲೆಯಲ್ಲಿ ಇದ್ದಾಗ ಗಿಡ್ಡ ಇದ್ದರು, ಸೆಟ್ಟರ್ (ಸ್ಮ್ಯಾಶ್ ಹೊಡೆಯೋಕೆ ಬಾಲ್ ಎತ್ತಿಕೊಡುವವಳು) ಆಗಿ, ಲಿಬೆರೊ (ಹಿಂದೆ ನಿಂತು ಬಾಲ್ ಕಾಯುವವಳು) ಆಗಿ ಆಡುತ್ತಿದ್ದರು. ಆಮೇಲೆ ಬೆಳೆದು ದೊಡ್ಡ ಅಟ್ಯಾಕರ್ ಆದರೂ ಚಿಕ್ಕಂದಿನಲ್ಲಿ ಕಲಿತ ರಿಸೀವ್, ಅಂದ್ರೆ ಎದುರಿನವರ ಸರ್ವಿಸ್ ಎತ್ತೋದು, ಕೈಬಿಡಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೊರಿಯಾ ನಾಲ್ಕನೇ ಸ್ಥಾನಕ್ಕೆ ನಿಂತರೂ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ಅವರಿಗೇ ಬಂತು. ಜಪಾನ್, ಟರ್ಕಿ, ಚೀನಾ ಕ್ಲಬ್‌ಗಳಲ್ಲೂ ಆಡಿದರು.

ಅಭ್ಯಾಸಕ್ಕೆ ಖರ್ಚೇನೂ ಬೇಡ. ಒಬ್ಬಳು ಆಚೆಯಿಂದ ಸರ್ವಿಸ್ ಮಾಡಲಿ, ಇಬ್ಬರು ಈಚೆ ಎತ್ತಲಿ, ಸೆಟ್ಟರ್ ನಿಲ್ಲುವ ಜಾಗದಲ್ಲಿ ಒಂದು ಗೆರೆ ಎಳೆದು ಬಾಲ್ ಅಲ್ಲಿಗೇ ಹೋಯ್ತಾ ಅಂತ ಎಣಿಸಿ. ಇದನ್ನು ದಿನಾ ಮಾಡಿಸಿ, ಬೇಸರ ಬಂದರೂ ಬಿಡಬೇಡಿ. ನೆಟ್ ಮಾತ್ರ ಅಳತೆ ಮಾಡಿ ಕಟ್ಟಿ. ಹೆಂಗಸರ ನೆಟ್ 2.24 ಮೀಟರ್, ಗಂಡಸರದ್ದು 2.43. ಬಹಳ ಕಡೆ ಗಂಡಸರು ಆಡಿಬಿಟ್ಟ ನೆಟ್ಟಿನಲ್ಲೇ ಹುಡುಗಿಯರೂ ಆಡ್ತಾರೆ, ಆಗ ಬಾಲನ್ನು ಕೆಳಕ್ಕೆ ಹೊಡೆಯುವ ರೂಢಿಯೇ ಆಗೋದಿಲ್ಲ. ಚಿಕ್ಕ ಮಕ್ಕಳಿಗೆ ಇನ್ನೂ ಇಳಿಸಿ. ಎರೆ ಮಣ್ಣಿನ ಮೈದಾನ ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಮಳೆಗೆ ಜಾರುತ್ತೆ, ಹೀಗಾಗಿ ಕೋರ್ಟಿಗೆ ಗರಸು ಹಾಕಿಸಿ ಗಟ್ಟಿ ಮಾಡಿಸಿ. ಜಿಗಿದವಳು ಎರಡೂ ಕಾಲ ಮೇಲೆ, ಮೊಣಕಾಲು ಬಾಗಿಸಿ ಇಳಿಯೋದನ್ನು ಮೊದಲೇ ಕಲಿಯಲಿ.

ಮುಂದಿನ ಮೆಟ್ಟಿಲುಗಳು ನಿಮಗೆ ಗೊತ್ತೇ ಇವೆ: ಶಾಲಾ ಕ್ರೀಡಾಕೂಟದಲ್ಲಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಇದರ ಜೊತೆ ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ಕ್ರೀಡಾ ವಸತಿ ನಿಲಯದ ಆಯ್ಕೆ ಯಾವಾಗ, ವಾಲಿಬಾಲ್ ಯಾವ ನಿಲಯದಲ್ಲಿದೆ ಅಂತ ಕೇಳಿ. ರಾಜ್ಯ ತಂಡಕ್ಕೆ ಬಂದು ರಾಷ್ಟ್ರೀಯ ಪಂದ್ಯಗಳಲ್ಲಿ ಚೆನ್ನಾಗಿ ಆಡಿದವರನ್ನೇ ಇಂಡಿಯಾ ಕ್ಯಾಂಪಿಗೆ ಕರೆಯುತ್ತಾರೆ. ಏಷ್ಯಾ ಮಟ್ಟದಲ್ಲಿ 18 ಮತ್ತು 20 ವರ್ಷದೊಳಗಿನವರಿಗೂ ಚಾಂಪಿಯನ್‌ಷಿಪ್ ಇದೆ, ಹಾಗಾಗಿ ವಯಸ್ಸಿನ ದಾಖಲೆ ಪಕ್ಕಾ ಇರಲಿ.

ನಮ್ಮ ಕಡೆ ಹುಡುಗಿಯರ ಆಟ ನಿಲ್ಲೋದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ. ಪಾಲಕರೇ, ಇಲ್ಲಿ ದಯವಿಟ್ಟು ಕೈ ಬಿಡಬೇಡಿ. ಟೀಮ್ ಇರುವ ಪಿಯು ಕಾಲೇಜು ಹುಡುಕಿ, ಡಿಗ್ರಿಗೆ ಬಂದರೆ ಕಾಲೇಜು ಸೇರಿದ ವಿಶ್ವವಿದ್ಯಾಲಯದ ಪರ ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಬಹುದು. ರೈಲ್ವೆಯ ಕ್ರೀಡಾ ಕೋಟಾ ಮೇಲೂ ಕಣ್ಣಿಡಿ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ, ಮಹಿಳಾ ವಾಲಿಬಾಲ್‌ನಲ್ಲಿ ರೈಲ್ವೆ ತಂಡ ದೇಶದ ಬಲಿಷ್ಠ ತಂಡಗಳಲ್ಲಿ ಒಂದು. ನೌಕರಿ ಸಿಕ್ಕರೆ ಮನೆಯಲ್ಲಿ ಮದುವೆ ಅವಸರವೂ ಸ್ವಲ್ಪ ತಣ್ಣಗಾಗುತ್ತೆ, ಅಲ್ವಾ?

ಪಾಸ್‌ಪೋರ್ಟ್ ಮೊದಲೇ ಮಾಡಿಸಿಡಿ, ಹುಬ್ಬಳ್ಳಿಯಲ್ಲೇ ಆಗುತ್ತೆ. ಜನನ ಪ್ರಮಾಣಪತ್ರ, ಆಧಾರ್, ಮಾರ್ಕ್ಸ್ ಕಾರ್ಡ್ ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ನೆಗಡಿ, ಕೆಮ್ಮಿಗೆ ಅಂಗಡಿಯಿಂದ ಸುಮ್ನೆ ಮಾತ್ರೆ ತಂದು ನುಂಗುವುದು ಬೇಡ, ಕೆಲವು ಔಷಧಿಗಳು ಡೋಪಿಂಗ್ ಪಟ್ಟಿಯಲ್ಲಿ, ಅಂದ್ರೆ ಆಟಗಾರರಿಗೆ ನಿಷೇಧ ಮಾಡಿದ ಔಷಧಿಗಳ ಪಟ್ಟಿಯಲ್ಲಿ, ಇರುತ್ತವೆ.

ವಿದೇಶದ ಕ್ಲಬ್ಬಿಗೆ ಆಡಬೇಕಾದರೆ ಅಂತಾರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಬೇಕು, ಅದಕ್ಕೆ ಎರಡೂ ದೇಶಗಳ ಫೆಡರೇಶನ್ ಒಪ್ಪಬೇಕು. ಕ್ಲಬ್ಬಿಗೆ ವಿಡಿಯೋ ಕಳಿಸುವಾಗ ಸ್ಮ್ಯಾಶ್ ತುಣುಕು ಮಾತ್ರ ಕಳಿಸದೆ, ಕೋರ್ಟಿನ ಹಿಂದಿನಿಂದ ತೆಗೆದ ಪೂರ್ತಿ ಮ್ಯಾಚ್ ಕಳಿಸಿ, ರಿಸೀವ್ ಹೇಗಿದೆ ಅಂತ ಕೋಚ್‌ಗೆ ಕಾಣಲಿ. ಕರಾರು ಬಂದರೆ ಗಾಯವಾದಾಗ ಆಸ್ಪತ್ರೆ ಖರ್ಚು ಯಾರದು, ಇಂಡಿಯಾ ಕ್ಯಾಂಪಿಗೆ ಕರೆ ಬಂದರೆ ಬಿಡ್ತಾರಾ, ಇವೆರಡನ್ನೂ ವಕೀಲರ ಹತ್ತಿರ ಓದಿಸಿಕೊಂಡೇ ಸಹಿ ಹಾಕಿ.