ಬರೆಯುವ ಮೊದಲೇ ಹೆಸರು

ಕಾದಂಬರಿಯನ್ನು ಬರೆದು ಮುಗಿಸಿದ ಮೇಲೆ ಹೆಸರಿಡುವುದು ಬಹಳಷ್ಟು ಲೇಖಕರ ರೂಢಿ. ನಾನು ಮಾತ್ರ ಮೊದಲ ಅಧ್ಯಾಯಕ್ಕೆ ಕೈಹಾಕುವ ಮುನ್ನವೇ ಶೀರ್ಷಿಕೆಯನ್ನು ಗೊತ್ತುಮಾಡಿಕೊಳ್ಳುತ್ತೇನೆ. ಯಾವ ಪ್ರಸಂಗ ಒಳಗೆ ಬರಬೇಕು, ಯಾವುದು ಎಷ್ಟೇ ಸೊಗಸಾಗಿದ್ದರೂ ಹೊರಗುಳಿಯಬೇಕು ಎಂಬುದನ್ನು ನನಗೆ ತೀರ್ಮಾನಿಸಿಕೊಡುವುದು ಆ ಹೆಸರೇ.

ಬಾಗಲಕೋಟೆಯವನಾದ ನಾನು ಮುಳುಗಡೆಯ ಕುರಿತು ಬರೆಯಲೇಬೇಕಿತ್ತು. ಆಲಮಟ್ಟಿ ಅಣೆಕಟ್ಟೆಯ ನೀರು 519.60 ಮೀಟರಿನವರೆಗೆ ನಿಲ್ಲುವಂತಾದಾಗ ಘಟಪ್ರಭೆಯ ದಂಡೆಯಲ್ಲಿದ್ದ ಹಳೆಯ ಊರಿನ ಒಂದು ಭಾಗ ಹಿನ್ನೀರಿನ ಪಾಲಾಯಿತು, ಅಲ್ಲಿಯ ಜನ ನವನಗರಕ್ಕೆ ಬಂದರು. ‘ಮುಳುಗಡೆ’, ‘ಹಿನ್ನೀರು’, ‘ಸಂತ್ರಸ್ತರು’ ಎಂಬ ಹೆಸರುಗಳು ತಾವಾಗಿಯೇ ಹೊಳೆದವು. ಆದರೆ ಇವು ಪುನರ್ವಸತಿ ಕಚೇರಿಯ ಕಡತಗಳ ಮೇಲೂ ಇರುವ ಪದಗಳು. ಇವುಗಳ ಅಡಿಯಲ್ಲಿ ಏನನ್ನು ಬೇಕಾದರೂ ಬರೆಯಬಹುದಾದ್ದರಿಂದ ಯಾವುದನ್ನೂ ಬಿಡಲು ಮನಸ್ಸಾಗುವುದಿಲ್ಲ. ‘519’ ಎಂದಿಟ್ಟರೆ ಹೇಗೆ ಎಂದೂ ಯೋಚಿಸಿದೆ. ಅಣೆಕಟ್ಟೆಯನ್ನು 524.256 ಮೀಟರಿಗೆ ಏರಿಸುವ ಪ್ರಸ್ತಾವವೇ ಇರುವಾಗ ಆ ಅಂಕಿಯನ್ನು ಕಾದಂಬರಿಯ ನೆತ್ತಿಯ ಮೇಲೆ ಕೂರಿಸುವುದು ಬೇಡವೆನಿಸಿತು.

ಮನೆ ಬಿಚ್ಚಿದ ಜನ ತೊಲೆ, ಜಂತಿ, ಕಿಟಕಿಗಳನ್ನು ಜೊತೆಗೆ ತಂದಿದ್ದರು. ಪರಿಚಯದವರೊಬ್ಬರ ಹಿತ್ತಲಿನಲ್ಲಿ, ತಗಡಿನ ಕೆಳಗೆ, ಹಳೆಯ ಮನೆಯ ತಲೆಬಾಗಿಲು ಚೌಕಟ್ಟಿನ ಸಮೇತ ಗೋಡೆಗೆ ಒರಗಿತ್ತು. ಹೊಸ ಮನೆಯ ಅಳತೆಗೆ ಅದು ದೊಡ್ಡದಾಗಿತ್ತು. ಹೊಸ್ತಿಲಿನ ಕಟ್ಟಿಗೆಯ ಸಂದಿನಲ್ಲಿ ಅರಿಷಿಣ ಗಟ್ಟಿಯಾಗಿ ಕೂತಿತ್ತು. ‘ತಲಬಾಗಿಲ’ ಎಂದು ವಹಿಯಲ್ಲಿ ಬರೆದುಕೊಂಡ ದಿನದಿಂದ ನನ್ನ ಕೆಲಸ ಹಗುರಾಯಿತು. ಆ ಬಾಗಿಲಿನಲ್ಲಿ ಹಾದುಹೋಗದ ಯಾವ ಪಾತ್ರಕ್ಕೂ ಕಾದಂಬರಿಯಲ್ಲಿ ಜಾಗವಿಲ್ಲ ಎಂದು ನಿಯಮ ಮಾಡಿಕೊಂಡೆ, ಮಂತ್ರಿಗಳೂ ವಕೀಲರೂ ಅಲ್ಲಿಗೇ ಬಿಟ್ಟುಹೋದರು. ಗ್ರಂಥಸ್ಥ ರೂಪವಾದ ‘ತಲೆಬಾಗಿಲು’ ಬೇಕೆಂದು ಪ್ರಕಾಶಕರು ಕೇಳಿದ್ದುಂಟು. ಪುಸ್ತಕದೊಳಗಿನ ಅಜ್ಜಿ ಹಾಗೆ ಅನ್ನುವುದಿಲ್ಲವಾದ್ದರಿಂದ ನಾನು ಒಪ್ಪಲಿಲ್ಲ.

ಎರಡನೆಯ ಕಾದಂಬರಿಯಲ್ಲಿ ಶೀರ್ಷಿಕೆಯು ರಚನೆಯನ್ನೇ ಕೊಟ್ಟಿತು. ಇಳಕಲ್ಲ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದಾಗಿರಬಹುದು. ಎರಡರ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ, ಹೀಗಾಗಿ ಒಂದೊಂದು ಸೀರೆಗೂ ಬೇರೆಯಾಗಿಯೇ ಹಾಸು ಸಿದ್ಧಪಡಿಸಬೇಕಾಗುತ್ತದೆ. ಮಗ್ಗದ ಮುಂದೆ ಕೂತಿದ್ದ ಹಿರಿಯರೊಬ್ಬರು, “ಕೊಂಡಿ ಬಿಗಿ ಇರಲಿಲ್ಲಂದ್ರ ಸೆರಗು ಒಂದ್ಕಡೆ, ಒಡಲು ಒಂದ್ಕಡೆ ಆಗ್ತಾವ್ರಿ ಸರ,” ಎಂದರು. ನೇಕಾರರ ಮನೆಯ ಅಕ್ಕತಂಗಿಯರ ಕಥೆ ನನ್ನ ತಲೆಯಲ್ಲಿತ್ತು, ಆದರೆ ಅದು ಎರಡು ಬಿಡಿ ಕಥೆಗಳಾಗಿ ಹರಿದುಹೋಗುತ್ತಿತ್ತು. ‘ಕೊಂಡಿ’ ಎಂದು ಹೆಸರಿಟ್ಟ ಮೇಲೆ ಉದ್ದನೆಯ ಮೊದಲ ಭಾಗ, ಗಿಡ್ಡನೆಯ ಕೊನೆಯ ಭಾಗ, ನಡುವೆ ಇಬ್ಬರ ದನಿಗಳೂ ಸಾಲುಸಾಲಾಗಿ ಹೆಣೆದುಕೊಳ್ಳುವ ಒಂದೇ ಅಧ್ಯಾಯ ಎಂಬ ನಕ್ಷೆ ತಾನೇ ನಿಂತಿತು.

ಹೆಸರು ಹೊಳೆದ ಮೇಲೆ ಅದಕ್ಕೆ ವಿಭಕ್ತಿ ಹಚ್ಚಿ ನೋಡುತ್ತೇನೆ. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ, ಆದರೆ ಕನ್ನಡದಲ್ಲಿ ಇದು ಬಹಳ ಮುಖ್ಯ. ‘ಕೊಂಡಿಯನ್ನು ಓದಿದೆ’, ‘ಕೊಂಡಿಯಲ್ಲಿ ಬರುವ ಅಕ್ಕ’ ಎಂದು ಸಲೀಸಾಗಿ ಅನ್ನಬಹುದು. ಅದೇ ‘ಹೊಳೆಯ ಆಚೆಗೆ’ ಎಂಬಂಥ ಹೆಸರಿನ ತುದಿಯಲ್ಲಿ ಈಗಾಗಲೇ ಒಂದು ಪ್ರತ್ಯಯ ಕೂತಿರುವುದರಿಂದ ‘ಆಚೆಗೆಯಲ್ಲಿ’ ಎಂದು ಎಳೆಯಬೇಕಾಗುತ್ತದೆ, ಇಲ್ಲವೇ ಪ್ರತಿ ಸಲವೂ ‘ಎಂಬ ಕಾದಂಬರಿಯಲ್ಲಿ’ ಎಂಬ ಬಾಲ ಕಟ್ಟಬೇಕಾಗುತ್ತದೆ. ಅಂಥ ಹೆಸರುಗಳು ಕಿವಿಗೆ ಇಂಪಾಗಿರುತ್ತವೆ, ಒಪ್ಪುತ್ತೇನೆ. ಆದರೂ ಅವುಗಳನ್ನು ಕಥೆಗಳಿಗೆ ಎತ್ತಿಡುತ್ತೇನೆ. ಆಮೇಲೆ ಪುಸ್ತಕದಂಗಡಿಯ ಗೆಳೆಯರಿಗೆ ಫೋನಿನಲ್ಲಿ ಹೆಸರನ್ನು ಒಂದೇ ಸಲ ಹೇಳುತ್ತೇನೆ. ಅವರು ‘ಏನಂದ್ರೀ?’ ಎಂದರೆ ಆ ಹೆಸರನ್ನು ಮತ್ತೆ ತೂಗಿ ನೋಡುತ್ತೇನೆ.

ಅದೇ ಹೆಸರಿನ ಪುಸ್ತಕ ಮೊದಲೇ ಇದೆಯೇ ಎಂದು ಗ್ರಂಥಾಲಯದ ಸೂಚಿಗಳಲ್ಲಿ ಹುಡುಕುವುದುಂಟು. ಕೇವಲ ಶೀರ್ಷಿಕೆಗೆ ಕೃತಿಸ್ವಾಮ್ಯ ದೊರೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆಯಾದರೂ, ಹೆಸರುವಾಸಿಯಾದ ಕಾದಂಬರಿಯ ಹೆಸರನ್ನು ಮತ್ತೆ ಇಟ್ಟುಕೊಂಡರೆ ಓದುಗರು ಕೇಳುವುದು ಒಂದನ್ನು, ಅಂಗಡಿಯವರು ಕೊಡುವುದು ಇನ್ನೊಂದನ್ನು.

ಪ್ರಕಾಶಕರು ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಅರ್ಜಿ ಹಾಕುವವರೆಗೆ ಹೆಸರನ್ನು ಬದಲಿಸಲು ಅವಕಾಶವಿರುತ್ತದೆ. ಮುಂದೆ ಶೀರ್ಷಿಕೆ ಬದಲಾದರೆ ಹೊಸ ಸಂಖ್ಯೆಯೇ ಬೇಕಾಗುತ್ತದೆ. ಆದ್ದರಿಂದ ಕರಡು ಮುಗಿದೊಡನೆ, ಶೀರ್ಷಿಕೆ ಇರುವ ಮೊದಲ ಹಾಳೆಯನ್ನು ತೆಗೆದಿಟ್ಟು, ಪ್ರತಿಯನ್ನು ಇಬ್ಬರು ಓದುಗರಿಗೆ ಕೊಡುತ್ತೇನೆ ಮತ್ತು ಇದಕ್ಕೆ ಏನು ಹೆಸರಿಡುತ್ತೀರಿ ಎಂದು ಕೇಳುತ್ತೇನೆ. ಅವರು ನಾನಿಟ್ಟ ಹೆಸರನ್ನೇ ಹೇಳಬೇಕೆಂದಿಲ್ಲ; ಬಾಗಿಲಿನ ಬಗ್ಗೆಯೋ ಕೊಂಡಿಯ ಬಗ್ಗೆಯೋ ತಾವಾಗಿಯೇ ಮಾತು ತೆಗೆದರೆ ಮೊದಲ ಹಾಳೆಯನ್ನು ಹಾಗೆಯೇ ಮರಳಿ ಸೇರಿಸಿ ಅಚ್ಚಿಗೆ ಕಳಿಸುತ್ತೇನೆ.