ತಾಳ ತಪ್ಪದ ಕ್ರಿಸ್ಟಲ್: ಮನೆಯಲ್ಲೇ ಜಿಪಿಎಸ್ ಆಸಿಲೇಟರ್ ಕಟ್ಟುವುದು ಹೇಗೆ?

ಗೋಡೆ ಗಡಿಯಾರ ದಿನಕ್ಕೆ ಒಂದೆರಡು ಸೆಕೆಂಡ್ ಹಿಂದೆ ಬಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದರೊಳಗೆ ಮಿಡಿದು ತಾಳ ಕೊಡುವ ಕ್ರಿಸ್ಟಲ್ ಹತ್ತು ಲಕ್ಷದಲ್ಲಿ 20 ಪಾಲು ತಪ್ಪಿದೆ, ಅಷ್ಟೇ. ಆದರೆ 10 ಗಿಗಾಹರ್ಟ್ಸ್‌ನಲ್ಲಿ ಕೇಳುವ ಹ್ಯಾಮ್ ರೇಡಿಯೊದವರಿಗೆ ಅದೇ ತಪ್ಪು 200 ಕಿಲೊಹರ್ಟ್ಸ್ ಆಗುತ್ತದೆ. ಬರಬೇಕಾದ ಸಿಗ್ನಲ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಸೆಕೆಂಡಿಗೆ ಎಷ್ಟು ಮಿಡಿತ ಅಂತ ಎಣಿಸುವ ಫ್ರೀಕ್ವೆನ್ಸಿ ಕೌಂಟರ್ ಇಟ್ಟುಕೊಂಡವರ ಕಷ್ಟವೂ ಇದೇ. ಅದರೊಳಗಿನ ಕ್ರಿಸ್ಟಲ್ಲೇ ಇಷ್ಟು ತಪ್ಪಿದ್ದರೆ, ತೋರಿಸುವ ಎಂಟು ಅಂಕಿಯಲ್ಲಿ ಕೊನೆಯ ಮೂರನ್ನು ನಂಬುವ ಹಾಗಿಲ್ಲ.

ಪರಿಹಾರ ತಲೆ ಮೇಲೆಯೇ ಸುತ್ತುತ್ತಿದೆ. ಜಿಪಿಎಸ್ ಇರಲಿ, ದಾರಿ ತೋರಿಸುವ ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್ ಇರಲಿ, ಆ ಉಪಗ್ರಹಗಳು ಪರಮಾಣು ಗಡಿಯಾರ ಹೊತ್ತುಕೊಂಡೇ ಓಡಾಡುತ್ತವೆ. ನಾವಿಕ್ ಉಪಗ್ರಹಗಳನ್ನು ನೋಡಿಕೊಳ್ಳುವುದು ಹಾಸನದಿಂದ, ಅವುಗಳ ಸಮಯ ಸಿದ್ಧವಾಗುವುದು ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮ ದೇಶದಲ್ಲೇ ತಯಾರಾದ ರೂಬಿಡಿಯಂ ಗಡಿಯಾರ ಇದೆ. ಕೆಲವು ನೂರು ರೂಪಾಯಿಗೆ ಸಿಗುವ ಜಿಪಿಎಸ್ ಮಾಡ್ಯೂಲ್ ಈ ಗಡಿಯಾರಗಳ ಮಾತು ಕೇಳಿ ಸೆಕೆಂಡಿಗೊಂದು ಪಲ್ಸ್ ಕೊಡುತ್ತದೆ. ಅದಕ್ಕೆ ಪಿಪಿಎಸ್ ಅನ್ನುತ್ತಾರೆ.

ಹಾಗಾದರೆ ಆ ಪಲ್ಸನ್ನೇ ಬಳಸಿದರಾಯಿತು ಅಲ್ವಾ? ಆಗುವುದಿಲ್ಲ. ಒಂದೊಂದು ಪಲ್ಸೂ ಹತ್ತಾರು ನ್ಯಾನೊಸೆಕೆಂಡ್ ಹಿಂದೆ ಮುಂದೆ ಕುಣಿಯುತ್ತದೆ. ಒಂದು ದಿನದ ಲೆಕ್ಕ ತೆಗೆದರೆ ಅದರಷ್ಟು ಸರಿ ಇನ್ನೊಂದಿಲ್ಲ, ಒಂದು ಸೆಕೆಂಡಿನ ಲೆಕ್ಕ ತೆಗೆದರೆ ಒರಟು. ಒಳ್ಳೆಯ ಕ್ರಿಸ್ಟಲ್ ಇದಕ್ಕೆ ತದ್ವಿರುದ್ಧ. ಸೆಕೆಂಡಿನಿಂದ ಸೆಕೆಂಡಿಗೆ ಬಹಳ ನಯ, ದಿನಗಳು ಕಳೆದಂತೆ ಮೆಲ್ಲಗೆ ಜಾರುತ್ತದೆ. ಇವೆರಡನ್ನೂ ಜೋಡಿಸುವುದೇ ನಮ್ಮ ಕೆಲಸ. ಹೀಗೆ ಪಿಪಿಎಸ್ ನೋಡಿ ತಿದ್ದಿಕೊಳ್ಳುವ ಕ್ರಿಸ್ಟಲ್ ಆಸಿಲೇಟರೇ (ಒಂದೇ ಸಮನೆ ಮಿಡಿಯುವ ಸರ್ಕ್ಯೂಟ್) ಜಿಪಿಎಸ್ ಆಸಿಲೇಟರ್. ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೋಡಿದ್ದೀರಲ್ಲ? ತೇರು ತನ್ನ ಭಾರದಲ್ಲೇ ಸಾಗುತ್ತದೆ. ಪಕ್ಕಕ್ಕೆ ಹೊರಳಿದಾಗ ಮಾತ್ರ ಚಕ್ರಕ್ಕೆ ಮರದ ತುಂಡು ಕೊಟ್ಟು ಚೂರೇ ಚೂರು ತಿರುಗಿಸುತ್ತಾರೆ. ಕ್ರಿಸ್ಟಲ್ ತೇರು, ಪಿಪಿಎಸ್ ಮರದ ತುಂಡು.

ಮೊದಲು ಬ್ರೆಡ್‌ಬೋರ್ಡ್ ಮೇಲೆ

ನೇರವಾಗಿ ಜಿಪಿಎಸ್‌ಗೆ ಕೈಹಾಕಬೇಡಿ. ಫೇಸ್ ಲಾಕ್ಡ್ ಲೂಪ್, ಅಂದರೆ ಆಸಿಲೇಟರನ್ನು ಹೊರಗಿನ ತಾಳಕ್ಕೆ ಹೋಲಿಸಿ ತಿದ್ದುತ್ತಾ ಅದಕ್ಕೆ ಲಾಕ್ ಮಾಡುವ ಸರ್ಕ್ಯೂಟ್, ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಮೊದಲು ಕಣ್ಣಿಗೆ ಕಾಣಬೇಕು. ಒಂದು 4046 ಐಸಿ, ಒಂದು 4017 ಐಸಿ, ನಾಲ್ಕಾರು ರೆಸಿಸ್ಟರ್, ಕೆಪಾಸಿಟರ್ ಸಾಕು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್ಲವೂ ಸಿಗುತ್ತದೆ. 4046ರ ಒಳಗಿನ ಆಸಿಲೇಟರ್ 10 ಕಿಲೊಹರ್ಟ್ಸ್ ಆಸುಪಾಸಿನಲ್ಲಿ ಓಡುವಂತೆ ಮಾಡಿ, 4017ರಿಂದ ಅದನ್ನು ಹತ್ತರಿಂದ ಭಾಗಿಸಿ, ಹೊರಗಿನಿಂದ ಕೊಟ್ಟ 1 ಕಿಲೊಹರ್ಟ್ಸ್ ಜೊತೆ ಹೋಲಿಸಲು ಬಿಡಿ. 4046ರೊಳಗೆ ಹೋಲಿಸುವ ಕಂಪ್ಯಾರೇಟರುಗಳಲ್ಲಿ ಎರಡನೆಯದನ್ನೇ ಬಳಸಿ. ಅಂತರ ಎಷ್ಟಿದೆಯೋ ಅದಕ್ಕೆ ತಕ್ಕಂತೆ ವೋಲ್ಟೇಜ್ ಏರಿಳಿದು, ಆಸಿಲೇಟರ್ ತಾನಾಗಿಯೇ ದಾರಿಗೆ ಬರುತ್ತದೆ.

ಇಲ್ಲಿ ಒಂದು ಪ್ರಯೋಗ ತಪ್ಪದೆ ಮಾಡಿ. ಕಂಪ್ಯಾರೇಟರಿಗೂ ಆಸಿಲೇಟರಿಗೂ ನಡುವೆ ಬರುವ ಫಿಲ್ಟರಿನಲ್ಲಿ ಕೆಪಾಸಿಟರ್ ಜೊತೆ ಸಾಲಿಗೆ ಕೂರುವ ಚಿಕ್ಕ ರೆಸಿಸ್ಟರ್ ಒಂದಿರುತ್ತದೆ. ಅದನ್ನು ತೆಗೆದು ವೈರ್ ಹಾಕಿ. ಲೂಪ್ ಜೋಕಾಲಿಯ ಹಾಗೆ ಆ ಕಡೆ ಈ ಕಡೆ ತೂಗಲು ಶುರು ಮಾಡುತ್ತದೆ. ಕೆಪಾಸಿಟರ್ ಹಳೆಯ ತಪ್ಪುಗಳನ್ನೆಲ್ಲ ಕೂಡಿಟ್ಟುಕೊಳ್ಳುತ್ತದೆ, ರೆಸಿಸ್ಟರ್ ಈ ಕ್ಷಣದ ತಪ್ಪಿಗೆ ಉತ್ತರ ಕೊಡುತ್ತದೆ. ಮುಂದೆ ಪ್ರೋಗ್ರಾಂ ಬರೆಯುವಾಗಲೂ ಇದೇ ಎರಡು ಬೇಕು. ಹಾಗಾಗಿ ಒಂದು ಸಂಜೆ ಇದರ ಜೊತೆ ಕೂತರೆ ನಷ್ಟವಿಲ್ಲ.

ಬಿಸಿ ಡಬ್ಬಿ

ಈಗ ಒಳ್ಳೆಯ ಕ್ರಿಸ್ಟಲ್. ಬೇಕಾಗಿರುವುದು ಓಸಿಎಕ್ಸ್‌ಓ, ಅಂದರೆ ಪುಟ್ಟ ಒಲೆಯೊಳಗೆ ಕೂತ 10 ಮೆಗಾಹರ್ಟ್ಸ್ ಆಸಿಲೇಟರ್. ಸೆಕೆಂಡಿಗೆ ಒಂದು ಕೋಟಿ ಮಿಡಿತ. ಹಳೆಯ ಮೊಬೈಲ್ ಟವರ್ ಉಪಕರಣಗಳಿಂದ ಬಿಚ್ಚಿದವು ಸಿಗುತ್ತವೆ, ಕಲಿಯಲು ಅವೇ ಸಾಕು. ವೋಲ್ಟೇಜಿನಿಂದ ತಿದ್ದುವ ಪಿನ್ ಇದೆಯೇ ಅಂತ ನೋಡಿಯೇ ಕೊಳ್ಳಿ. ಸ್ವಿಚ್ ಹಾಕಿದಾಗ ಒಲೆ ಕಾಯಲು ಕರೆಂಟ್ ಜಾಸ್ತಿ ಎಳೆಯುತ್ತದೆ, ಆಮೇಲೆ ಇಳಿಯುತ್ತದೆ. ಅಡಾಪ್ಟರ್ ಆ ಮೊದಲ ಹೊರೆಯನ್ನು ತಡೆಯುವಂತಿರಲಿ. ಎರಡು ದಿನ ಸುಮ್ನೆ ಉರಿಯಲು ಬಿಡಿ. ಫ್ಯಾನ್ ಗಾಳಿ ತಾಗದಂತೆ ಥರ್ಮಾಕೋಲ್ ಮುಚ್ಚಿ.

ಅಷ್ಟು ಕಾದ ಮೇಲೆ ಆಸಿಲೋಸ್ಕೋಪಿಗೆ ಬನ್ನಿ. ಒಂದು ಚಾನೆಲ್‌ಗೆ ಪಿಪಿಎಸ್ ಕೊಟ್ಟು ಅದರ ಮೇಲೆ ಟ್ರಿಗರ್ ಮಾಡಿ, ಇನ್ನೊಂದಕ್ಕೆ 10 ಮೆಗಾಹರ್ಟ್ಸ್ ಕೊಡಿ. ಸೆಕೆಂಡಿಗೊಮ್ಮೆ ಚಿತ್ರ ಮಿನುಗುತ್ತದೆ, ಪ್ರತಿ ಸಲವೂ ಅಲೆ ಚೂರು ಸರಿದಿರುತ್ತದೆ. ಒಂದು ಅಲೆಯ ಅಗಲ 100 ನ್ಯಾನೊಸೆಕೆಂಡ್. ಒಂದು ಪೂರ್ತಿ ಅಲೆ ಸರಿಯಲು 100 ಸೆಕೆಂಡ್ ಹಿಡಿದರೆ ನಿಮ್ಮ ತಪ್ಪು ನೂರು ಕೋಟಿಯಲ್ಲಿ ಒಂದು ಪಾಲು. ತಿದ್ದುವ ಪಿನ್‌ಗೆ ಹತ್ತು ಸುತ್ತಿನ ಪ್ರೀಸೆಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಜೋಡಿಸಿ ಕೂದಲೆಳೆಯಷ್ಟು ತಿರುಗಿಸಿ. ಓಟ ನಿಧಾನವಾಗುತ್ತದೆ, ನಿಲ್ಲುತ್ತದೆ, ಆಮೇಲೆ ಆಚೆ ಕಡೆಗೆ ಹೊರಡುತ್ತದೆ. ಬರೀ ಕಣ್ಣು ಮತ್ತು ಕೈ ಬಳಸಿ ಇಷ್ಟು ನಿಖರವಾಗಿ ಅಳೆದೆವಲ್ಲ ಅಂತ ನನಗೆ ಈಗಲೂ ಖುಷಿಯಾಗುತ್ತದೆ.

ಕೈ ಬದಲು ಪ್ರೋಗ್ರಾಂ

ಆ ಪ್ರೀಸೆಟ್ ತಿರುಗಿಸುವ ಕೆಲಸವನ್ನು ಪ್ರೋಗ್ರಾಂ ಮಾಡಬಹುದಾದ ಪುಟ್ಟ ಬೋರ್ಡ್ ಆರ್ಡುಯಿನೊಗೆ ವಹಿಸಬೇಕು. ಬರೀ ಮಿಡಿತ ಎಣಿಸಿದರೆ ಒಂದು ಎಣಿಕೆ ಅಂದರೆ 100 ನ್ಯಾನೊಸೆಕೆಂಡ್, ಸಾವಿರ ಕೋಟಿಯಲ್ಲಿ ಒಂದು ಪಾಲು ಕಾಣಲು 1000 ಸೆಕೆಂಡ್ ಕಾಯಬೇಕು. ಇದಕ್ಕಿಂತ ಒಳ್ಳೆಯ ದಾರಿ ಇದೆ. ಆಸಿಲೇಟರನ್ನು 1 ಮೆಗಾಹರ್ಟ್ಸ್‌ಗೆ ಇಳಿಸಿ, ಪಿಪಿಎಸ್ ಬಂದ ಕ್ಷಣದಿಂದ ಅದರ ಮುಂದಿನ ಅಂಚು ಬರುವವರೆಗೆ ಚಿಕ್ಕ ಕೆಪಾಸಿಟರ್ ಒಂದನ್ನು ಚಾರ್ಜ್ ಮಾಡಿ, ಆ ವೋಲ್ಟೇಜ್ ಓದಿ. ಆರ್ಡುಯಿನೊ ಓದುವಾಗ ಒಂದು ಮೈಕ್ರೊಸೆಕೆಂಡ್ 1024 ಮೆಟ್ಟಿಲಾಗುತ್ತದೆ, ಮೆಟ್ಟಿಲಿಗೆ ಸುಮಾರು ಒಂದು ನ್ಯಾನೊಸೆಕೆಂಡ್.

ತಿದ್ದುವ ವೋಲ್ಟೇಜಿಗೂ ಸಣ್ಣ ಮೆಟ್ಟಿಲು ಬೇಕು. ಓಸಿಎಕ್ಸ್‌ಓ ಒಟ್ಟು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಹೊರಳುತ್ತದೆ ಅಂದುಕೊಳ್ಳಿ. 8 ಬಿಟ್ ಪಿಡಬ್ಲ್ಯುಎಂನಲ್ಲಿ, ಅಂದರೆ ಪಲ್ಸಿನ ಅಗಲ ಬದಲಿಸಿ 256 ಮೆಟ್ಟಿಲಲ್ಲಿ ವೋಲ್ಟೇಜ್ ಕೊಡುವ ವಿಧಾನದಲ್ಲಿ, ಒಂದು ಮೆಟ್ಟಿಲೇ ನೂರು ಕೋಟಿಯಲ್ಲಿ 4 ಪಾಲು, ಕೈಯಲ್ಲಿ ಮಾಡಿದ್ದಕ್ಕಿಂತ ಒರಟು. 16 ಬಿಟ್ ಇದ್ದರೆ ಸಾವಿರ ಕೋಟಿಯಲ್ಲಿ 0.15 ಪಾಲು. ಇದರಲ್ಲಿ ಜಿಪುಣತನ ಬೇಡ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಎಷ್ಟು ನಿಧಾನವಾಗಿ ತಿದ್ದಬೇಕು ಅನ್ನುವುದು. ತಪ್ಪನ್ನು ತಿದ್ದಲು ಲೂಪ್ ತೆಗೆದುಕೊಳ್ಳುವ ಸಮಯಕ್ಕೆ ಟೈಮ್ ಕಾನ್‌ಸ್ಟಂಟ್ ಅನ್ನುತ್ತಾರೆ. ನನ್ನ ಮೊದಲ ಲೂಪಿಗೆ 10 ಸೆಕೆಂಡಿನ ಟೈಮ್ ಕಾನ್‌ಸ್ಟಂಟ್ ಕೊಟ್ಟಿದ್ದೆ. ಲಾಕ್ ದೀಪ ಹತ್ತಿತು, ಸ್ಕೋಪಿನಲ್ಲಿ ಅಲೆ ನಿಂತಿತು. ಆದರೆ ಕೌಂಟರಿಗೆ ಜೋಡಿಸಿದರೆ ಕೊನೆಯ ಅಂಕಿಗಳು ಮೊದಲಿಗಿಂತ ಜಾಸ್ತಿ ಕುಣಿಯುತ್ತಿದ್ದವು. ಪಿಪಿಎಸ್‌ನ ಒರಟನ್ನೆಲ್ಲ ನಾನೇ ತಂದು ನಯವಾದ ಕ್ರಿಸ್ಟಲ್ಲಿಗೆ ಸುರಿದಿದ್ದೆ. ಅದನ್ನು 500 ಸೆಕೆಂಡಿಗೆ ಏರಿಸಿದ ಮೇಲೆ ಅಂಕಿಗಳು ಕೂತವು. ಶುರುವಿನಲ್ಲಿ ಬೇಗ ಹಿಡಿಯಲು 30 ಸೆಕೆಂಡ್ ಇಟ್ಟು, ಲಾಕ್ ಆದ ಮೇಲೆ ನೂರಾರು ಸೆಕೆಂಡಿಗೆ ಬದಲಾಯಿಸುವಂತೆ ಬರೆದರೆ ಎರಡೂ ಅನುಕೂಲ.

ಆಂಟೆನಾವನ್ನು ಆಕಾಶ ಪೂರ್ತಿ ಕಾಣುವ ಕಡೆ ಇಡಿ. ಟೆರೇಸಿನ ನೀರಿನ ಟ್ಯಾಂಕ್, ತಗಡಿನ ಶೀಟ್ ಪಕ್ಕ ಬೇಡ, ಸಿಗ್ನಲ್ ಅಡ್ಡವಾಗುತ್ತದೆ ಅಥವಾ ತಗಡಿಗೆ ಬಡಿದು ತಡವಾಗಿ ಬರುತ್ತದೆ. ಕೇಬಲ್ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ತಡ ಮಾಡುತ್ತದೆ. ಅದು ಬದಲಾಗದ ತಡ, ಫ್ರೀಕ್ವೆನ್ಸಿಗೆ ತೊಂದರೆಯಿಲ್ಲ. ಇದರಿಂದ ಗಡಿಯಾರವನ್ನೂ ನಡೆಸುವವರು ಗಮನಿಸಿ: ಜಿಪಿಎಸ್ ಸಮಯ 2017ರ ಜನವರಿ 1ರಿಂದ ಜಗತ್ತಿನ ಗಡಿಯಾರಗಳೆಲ್ಲ ಅನುಸರಿಸುವ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಆ ಲೆಕ್ಕ ಉಪಗ್ರಹದಿಂದಲೇ ಬರುತ್ತದೆ, ಆದರೆ ಪೂರ್ತಿ ಸಂದೇಶ ಇಳಿಯಲು 12.5 ನಿಮಿಷ ಬೇಕು. ಅಲ್ಲಿಯವರೆಗೆ ಸೆಕೆಂಡ್ ಮುಳ್ಳನ್ನು ನಂಬಬೇಡಿ.

ಒಂದು ವಾರ ಓಡಿದ ಮೇಲೆ ಪರೀಕ್ಷೆ ಮಾಡಿ. ತಿದ್ದುವ ವೋಲ್ಟೇಜನ್ನು ಆಗಿರುವಲ್ಲಿಯೇ ನಿಲ್ಲಿಸಿ, ಲೂಪ್ ಬಿಡಿಸಿ, ಪಿಪಿಎಸ್ ಜೊತೆ ಅಂತರ ಮಾತ್ರ ಬರೆದುಕೊಳ್ಳುತ್ತಾ ಹೋಗಿ. ಮೂರು ಗಂಟೆಯಲ್ಲಿ ಒಂದು ಮೈಕ್ರೊಸೆಕೆಂಡ್ ಮಾತ್ರ ಸರಿದಿದ್ದರೆ ನಿಮ್ಮ ಕ್ರಿಸ್ಟಲ್ ಉಪಗ್ರಹದ ಸಹಾಯವಿಲ್ಲದೆಯೂ ಸಾವಿರ ಕೋಟಿಯಲ್ಲಿ ಒಂದು ಪಾಲಿನ ಒಳಗೆ ನಿಂತಿದೆ. ಅದಕ್ಕಿಂತ ಬೇಗ ಸರಿದರೆ ಮೊದಲು ಥರ್ಮಾಕೋಲ್ ಮುಚ್ಚಳ ನೋಡಿ, ಆಮೇಲೆ ಅಡಾಪ್ಟರ್.