ಬಣ್ಣ ಮುಗಿದ ಮೇಲೆ ಡೆಕಾಲ್ ಕೈಕೊಟ್ಟರೆ

ಮಾಡೆಲ್ ವಿಮಾನದ ರೆಕ್ಕೆ ಕೂತಿದೆ, ಬಣ್ಣ ಒಣಗಿದೆ, ಇನ್ನೇನು ಕಪಾಟಿಗೆ ಏರಿಸುವುದೊಂದೇ ಬಾಕಿ ಅನ್ನುವಾಗ ಒಂದು ಡೆಕಾಲ್ (ವಿಮಾನದ ಗುರುತಿನ ಅಂಟುಚಿತ್ರ) ಸೊಟ್ಟಗೆ ಕೂರುತ್ತದೆ. ಇಲ್ಲವೇ ಮಡಚಿಕೊಳ್ಳುತ್ತದೆ. ಇಲ್ಲವೇ ರಾತ್ರಿ ಚೆನ್ನಾಗಿಯೇ ಇದ್ದದ್ದರ ಸುತ್ತ ಬೆಳಗ್ಗೆ ನೋಡಿದರೆ ಬೆಳ್ಳಿಯಂಥ ಪೊರೆ. ತಿಂಗಳುಗಟ್ಟಲೆ ಕೂತು ಮಾಡಿದ ವಿಮಾನ, ಸಂಕಟ ಆಗುತ್ತೆ ಅಲ್ವಾ? ಆದರೂ ಉಗುರಿನಿಂದ ಕೆರೆಯಲು ಹೋಗಬೇಡಿ. ಮೊದಲು ಇಷ್ಟು ನೋಡಿ: ಡೆಕಾಲ್ ಇನ್ನೂ ಒದ್ದೆ ಇದೆಯೋ, ಒಣಗಿದೆಯೋ, ಅಥವಾ ಅದರ ಮೇಲೆ ಆಗಲೇ ವಾರ್ನಿಷ್ ಬಿದ್ದಿದೆಯೋ? ಏನು ಮಾಡಬೇಕು ಅನ್ನುವುದು ಇದರ ಮೇಲೆಯೇ ನಿಂತಿದೆ.

ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಅಂದರೆ ಒಂದು ತೆಳು ಪಾರದರ್ಶಕ ಪೊರೆ, ಅದರ ಮೇಲೆ ಅಚ್ಚು, ಕೆಳಗೆ ನೀರಿಗೆ ಕರಗುವ ಗೋಂದು. ಗೋಂದು ಗಟ್ಟಿಯಾಗುವ ತನಕ ನೀರೇ ನಿಮ್ಮ ಮುಖ್ಯ ಸಾಧನ.

ಇನ್ನೂ ಒದ್ದೆ ಇದ್ದರೆ

ಸೊಟ್ಟಗೆ ಕೂತಿದ್ದರೆ ಬ್ರಷ್ಷಿನಿಂದ ಧಾರಾಳವಾಗಿ ನೀರು ಹಾಕಿ, ಅಂಚಿನ ಕೆಳಗೆ ನೀರು ಇಳಿಯಲು ಒಂದೆರಡು ನಿಮಿಷ ಬಿಡಿ. ಡೆಕಾಲ್ ತೇಲತೊಡಗುತ್ತದೆ. ಆಗ ಒದ್ದೆ ಬ್ರಷ್ಷಿನಿಂದ ಮೆಲ್ಲಗೆ ಸರಿಸಿ, ಎಳೆಯಬೇಡಿ. ಮಡಚಿಕೊಂಡಿದ್ದರೂ ಇದೇ ಉಪಾಯ, ಆದರೆ ನೀರು ಇನ್ನೂ ಜಾಸ್ತಿ ಬೇಕು. ಎರಡು ಬ್ರಷ್ ಹಿಡಿದು, ಒಂದರಿಂದ ಒತ್ತಿ, ಇನ್ನೊಂದರಿಂದ ಮಡಿಕೆಯನ್ನು ಬಿಡಿಸಿ. ಒಣ ಚಿಮುಟ ಹಾಕಿದರೆ ಹರಿಯುವುದು ಖಂಡಿತ. ನೇರವಾಗಿದೆಯೋ ಇಲ್ಲವೋ ಅನ್ನುವುದು ಕಣ್ಣಿಗೆ ತಿಳಿಯದಿದ್ದರೆ ಫೋನಿನಲ್ಲಿ ಒಂದು ಫೋಟೋ ತೆಗೆದು ನೋಡಿ. ಎದುರಿಗೇ ಇದ್ದರೂ ಕಾಣದ ಸೊಟ್ಟು ಫೋಟೋದಲ್ಲಿ ಎದ್ದು ಕಾಣುತ್ತದೆ.

ಜಾಗ ಸರಿಯಾದ ಮೇಲೆ ಒದ್ದೆ ಕಾಟನ್ ಬಡ್ಡನ್ನು ನಡುವಿನಿಂದ ಅಂಚಿನ ಕಡೆಗೆ ಉರುಳಿಸಿ. ಉಜ್ಜಬಾರದು, ಉರುಳಿಸಬೇಕು. ಮೈಕ್ರೋ ಸೋಲ್ ತರಹದ ಮೆದುಗೊಳಿಸುವ ದ್ರವ ಹಾಕಿದ ಕೂಡಲೇ ಡೆಕಾಲ್ ಸುಕ್ಕುಗಟ್ಟುತ್ತದೆ. ಮೊದಲ ಸಲ ನೋಡಿದವರು ಹೆದರಿ ಅದನ್ನು ಸರಿಮಾಡಲು ಬೆರಳು ಹಾಕುತ್ತಾರೆ, ಅಲ್ಲೇ ಕೆಡುವುದು. ಆ ಹೊತ್ತಿಗೆ ಪೊರೆ ಬೆಣ್ಣೆಯಷ್ಟು ಮೆತ್ತಗಿರುತ್ತದೆ. ಸುಮ್ನೆ ಬಿಟ್ಟು ಎದ್ದು ಹೋಗಿ, ಒಣಗುತ್ತಾ ತಾನೇ ಬಿಗಿದುಕೊಳ್ಳುತ್ತದೆ.

ಒಣಗಿದ ಮೇಲೆ ತಪ್ಪು ಕಂಡರೆ

ಜಾಗವೇ ತಪ್ಪಿದ್ದು ಒಣಗಿದ ಮೇಲೆ ಗೊತ್ತಾಗುವುದು ಸಾಮಾನ್ಯ. 1944ರ ಯುದ್ಧವಿಮಾನ ಮಸ್ಟಾಂಗ್‌ನಲ್ಲಿ ಅಮೆರಿಕದ ನಕ್ಷತ್ರ ಎಡರೆಕ್ಕೆಯ ಮೇಲ್ಭಾಗದಲ್ಲಿ ಮತ್ತು ಬಲರೆಕ್ಕೆಯ ಕೆಳಭಾಗದಲ್ಲಿ ಮಾತ್ರ ಇರುತ್ತದೆ. ನಾನು ಒಮ್ಮೆ ಎರಡೂ ರೆಕ್ಕೆಯ ಮೇಲೆ ಅಂಟಿಸಿ, ಮರುದಿನ ಹಳೆಯ ಫೋಟೋ ನೋಡಿ ಬೆಚ್ಚಿದ್ದೆ. ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್‌ನ ಬಾಲದ ಮೇಲಿನ ಮೂರು ಬಣ್ಣದ ಪಟ್ಟಿಯಲ್ಲೂ ಹೀಗೇ ಆಗುತ್ತದೆ. ಎರಡೂ ಬದಿಯಲ್ಲಿ ಕೆಂಪು ಮುಂದಕ್ಕೆ, ಅಂದರೆ ಮೂಗಿನ ಕಡೆಗೆ ಬರಬೇಕು.

ತೆಗೆಯಲು ಟಿಶ್ಯೂ ತುಂಡನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಡೆಕಾಲ್ ಮೇಲೆ ಹೊದಿಸಿ, ಹದಿನೈದು ನಿಮಿಷ ಒಣಗಲು ಬಿಡದೆ ಇಡಿ. ಅಂಚು ಎದ್ದರೆ ಬ್ರಷ್ಷಿನಿಂದ ನೀರು ನುಗ್ಗಿಸುತ್ತಾ ಹೋಗಿ. ಏಳದಿದ್ದರೆ ನೀರಿಗೆ ಸ್ವಲ್ಪ ಬಿಳಿ ವಿನೆಗರ್ ಸೇರಿಸಿ ಇನ್ನೊಮ್ಮೆ. ಆಮೇಲೂ ಹಟ ಹಿಡಿದರೆ ಮಾತ್ರ ಟೇಪ್: ಒತ್ತಿ, ಓರೆಯಾಗಿ ನಿಧಾನಕ್ಕೆ ಎತ್ತಿ. ಬಣ್ಣವೂ ಜತೆಗೆ ಬರಬಹುದು, ಆದ್ದರಿಂದ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಮೈಕ್ರೋ ಸೋಲ್ ಕುಡಿದ ಡೆಕಾಲ್ ಇಡಿಯಾಗಿ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಬೆಳ್ಳಿ ಪೊರೆ

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ. ಮಾಡೆಲ್ ಮಾಡುವವರು ಸಿಲ್ವರಿಂಗ್ ಅನ್ನುತ್ತಾರೆ. ಮ್ಯಾಟ್ ಬಣ್ಣ ಕಣ್ಣಿಗೆ ನಯವಾಗಿ ಕಂಡರೂ ಸೂಕ್ಷ್ಮವಾಗಿ ಒರಟು. ಆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು, ಬೆಳಕು ಬಿದ್ದಾಗ ಪೊರೆ ಬೆಳ್ಳಗೆ ಹೊಳೆಯುತ್ತದೆ. ಡೆಕಾಲ್‌ಗೆ ಮೊದಲು ಹೊಳಪಿನ ವಾರ್ನಿಷ್ ಹಾಕಿ ಅನ್ನುವುದು ಇದಕ್ಕೇ. ಈಗ ಹಾಕಿಲ್ಲ, ಆಗಿದ್ದು ಆಗಿದೆ. ಗಾಳಿ ಹೊರಗೆ ಹೋಗಬೇಕು, ಅದರ ಜಾಗಕ್ಕೆ ಬೇರೇನಾದರೂ ಬರಬೇಕು, ಅಷ್ಟೇ.

ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಬೆಳ್ಳಿಯ ತೇಪೆಗಳು ಎಲ್ಲೆಲ್ಲಿವೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಮಾತ್ರ ಚೂಪಾದ ಸೂಜಿಯಿಂದ ಹತ್ತಿರ ಹತ್ತಿರ ಚುಚ್ಚಿ. ಪ್ಯಾನೆಲ್ ಗೆರೆಯ (ವಿಮಾನದ ತಗಡುಗಳ ಜೋಡಣೆ ತೋರಿಸುವ ಕೊರೆದ ಗೆರೆ) ಮೇಲೆ ಡೆಕಾಲ್ ಸೇತುವೆಯ ಹಾಗೆ ನಿಂತಿದ್ದರೆ ಹೊಸ ಬ್ಲೇಡಿನಿಂದ ಗೆರೆಗುಂಟ ಸೀಳಿ. ಹಳೆ ಬ್ಲೇಡ್ ಕತ್ತರಿಸುವುದಿಲ್ಲ, ಎಳೆಯುತ್ತದೆ. ಆಮೇಲೆ ಮೈಕ್ರೋ ಸೋಲ್ ಒಂದು ಹನಿ ಬಿಡಿ, ತೂತುಗಳಿಂದ ಅದು ಒಳಗೆ ಇಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮತ್ತೆ ನೋಡಿ, ಮತ್ತೆ ಚುಚ್ಚಿ, ಮತ್ತೆ ಹನಿ. ಮೂರು ನಾಲ್ಕು ಸಲ ಬೇಕಾಗಬಹುದು, ಒಂದೇ ಸಂಜೆಯಲ್ಲಿ ಮುಗಿಸುವ ಕೆಲಸ ಅಲ್ಲ. ಇನ್ನೂ ಗಡುಸಾದ ದ್ರವಗಳೂ ಸಿಗುತ್ತವೆ, ಆದರೆ ಅವು ಕೆಳಗಿನ ಅಕ್ರಿಲಿಕ್ ಬಣ್ಣವನ್ನೇ ತಿನ್ನಬಹುದು.

ಇಷ್ಟಾದ ಮೇಲೂ ಉಳಿದ ತೇಪೆಗೆ ನಾನು ಬಹಳ ನಂಬುವ ಒಂದು ಉಪಾಯ ಇದೆ. ಅಕ್ರಿಲಿಕ್ ಹೊಳಪು ವಾರ್ನಿಷ್ ಅನ್ನು ನೀರಿನಂತೆ ತೆಳ್ಳಗೆ ಮಾಡಿ, ಸಣ್ಣ ಬ್ರಷ್ಷಿನ ತುದಿಯಿಂದ ಆ ತೂತುಗಳಿಗೆ ಮುಟ್ಟಿಸಿ. ಅದು ತಾನಾಗಿ ಪೊರೆಯ ಕೆಳಗೆ ಹರಿದು ಗಾಳಿಯ ಜಾಗ ತುಂಬುತ್ತದೆ, ಬಿಳುಪು ನೋಡನೋಡುತ್ತಲೇ ಮಾಯವಾಗುತ್ತದೆ.

ಹರಿದದ್ದು, ಚೂರು ಕಳೆದದ್ದು

ಹರಿದ ತುಂಡುಗಳು ಇದ್ದರೆ ನೀರಿನಲ್ಲಿ ತೇಲಿಸಿ ಅಂಚಿಗೆ ಅಂಚು ಕೂಡಿಸಿ. ಚೂರು ಕಳೆದೇ ಹೋಗಿದ್ದರೆ ನೇರವಾಗಿ ವಿಮಾನದ ಮೇಲೆ ಬಣ್ಣ ಬಳಿಯುವುದಕ್ಕಿಂತ ತೇಪೆ ಹಾಕುವುದು ಮೇಲು. ಡೆಕಾಲ್ ಹಾಳೆಯಲ್ಲಿ ಬೇಡದ ಗುರುತಿನ ಪಕ್ಕ ಬಣ್ಣ ಬೆರೆಸಿ ಹಚ್ಚಿ, ಒಣಗಿಸಿ ಹೋಲಿಸಿ. ಒದ್ದೆಯಾಗಿದ್ದಾಗ ಹೊಂದಿದ ಬಣ್ಣ ಒಣಗಿದ ಮೇಲೆ ಬೇರೆಯೇ ಕಾಣುವುದುಂಟು. ಹೊಂದಿದ ಮೇಲೆ ಹಾಳೆಯ ಖಾಲಿ ಪೊರೆಗೆ ಅದೇ ಬಣ್ಣ ಬಳಿದು, ಬೇಕಾದ ಆಕಾರಕ್ಕೆ ಕತ್ತರಿಸಿ, ಅದನ್ನೂ ಡೆಕಾಲ್‌ನಂತೆಯೇ ನೆನೆಸಿ ಕೂರಿಸಿ. ಸರಿಹೋಗದಿದ್ದರೆ ತೆಗೆದು ಇನ್ನೊಂದು ಕತ್ತರಿಸಬಹುದು, ವಿಮಾನದ ಬಣ್ಣಕ್ಕೆ ಏನೂ ಆಗುವುದಿಲ್ಲ. ಖಾಲಿ ಜಾಗದಲ್ಲಿ ಪೊರೆಯೇ ಇಲ್ಲದ ಹಾಳೆಗಳೂ ಇವೆ, ಮೊದಲು ಒಂದು ಚೂರು ನೆನೆಸಿ ನೋಡಿ.

ವಾರ್ನಿಷ್ ಬಿದ್ದ ಮೇಲೆ

ಈಗ ನೀರಿಗೆ ದಾರಿ ಇಲ್ಲ. ಸುತ್ತ ಮಾಸ್ಕಿಂಗ್ ಟೇಪ್ ಹಾಕಿ, 2000 ನಂಬರಿನ ಉಪ್ಪುಕಾಗದವನ್ನು ಒದ್ದೆ ಮಾಡಿ ಹಗುರವಾಗಿ ತಿಕ್ಕುತ್ತಾ ಡೆಕಾಲನ್ನು ಸವೆಸಬೇಕು, ಅಲ್ಲಿ ಬಣ್ಣ ಮತ್ತೆ ಹಾಕಬೇಕು. ತಪ್ಪು ಸಣ್ಣದಿದ್ದರೆ, ನಿಜ ಹೇಳುತ್ತೇನೆ, ಹಾಗೇ ಬಿಡಿ. ಅಂಚಿನ ಮೆಟ್ಟಿಲು ಮಾತ್ರ ಕಾಣುತ್ತಿದ್ದರೆ ಹೊಳಪಿನ ಕೋಟ್ ಇನ್ನೆರಡು ಹಾಕಿ, ಗಟ್ಟಿಯಾದ ಮೇಲೆ ಅದೇ ಉಪ್ಪುಕಾಗದದಿಂದ ಮಟ್ಟ ಮಾಡಿದರೆ ಸಾಕು.

ರಿಪೇರಿ ಎಲ್ಲ ಮುಗಿದ ಮೇಲೆ ಒದ್ದೆ ಬಡ್ಡಿನಿಂದ ಉಳಿದ ಗೋಂದು ಒರೆಸಿ, ಬಿಟ್ಟರೆ ಕಂದು ಕಲೆಯಾಗುತ್ತದೆ. ಒಂದು ದಿನ ಪೂರ್ತಿ ಒಣಗಿಸಿ. ಲ್ಯಾಕರ್ ವಾರ್ನಿಷ್ ಹಾಕುವವರು ಮೊದಲ ಒಂದೆರಡು ಕೋಟನ್ನು ಮಂಜಿನಂತೆ ತೆಳ್ಳಗೆ ಸಿಂಪಡಿಸಿ, ಒಮ್ಮೆಗೇ ದಪ್ಪ ಹಾಕಿದರೆ ಡೆಕಾಲ್ ಮತ್ತೆ ಸುಕ್ಕಾಗುತ್ತದೆ. ಮ್ಯಾಟ್ ಕೋಟ್ ಕೊನೆಗೆ. ಉಳಿದ ಡೆಕಾಲ್ ಹಾಳೆಯನ್ನು ಅಲ್ಲಿಯವರೆಗೂ ಬಿಸಾಡಬೇಡಿ.